ಲಂಟಾನದ ಆನೆ ಮತ್ತು ಒಬ್ಬ ಡ್ರಾಯಿಂಗ್ ಮೇಷ್ಟರು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ ಎರಡನೆಯ ತಂಡದ ವಿದ್ಯಾರ್ಥಿ. ಆಗ ಇಲ್ಲಿ ಎರಡೇ ಕೊಠಡಿ. ಒಂದು ಕೊಠಡಿಯಲ್ಲಿ ಬೋರ್ಡು, ಇನ್ನೊಂದರಲ್ಲಿ ಗೋಡೆಯೇ ಬೋರ್ಡು. ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಆ ಬೋರ್ಡಿಗೆ ಮಸಿ ಬಳಿಯುವ ಕೆಲಸ ನಮ್ಮದು. ತೀರಿಹೋದ ಟಾರ್ಚ್ ಶೆಲ್ ಒಡೆದು ಒಳಗಿನ ಕರಿ ಪುಡಿ ತೆಗೆಯುತ್ತಿದ್ದೆವು, ಅದಕ್ಕೆ ತೊಂಡೆ ಸೊಪ್ಪಿನ ರಸ ಸೇರಿಸಿ ಹಳೆ ಬಟ್ಟೆಯಲ್ಲಿ ತಿಕ್ಕುತ್ತಿದ್ದೆವು. ಬೋರ್ಡು ಮಿರಮಿರ ಮಿಂಚುತ್ತಿತ್ತು. ಚಿತ್ರ ಬರೆಯುವುದಕ್ಕೆ ಇದ್ದಿಲು, ಹೆಂಚಿನ ಚೂರು, ಸುಣ್ಣದ ಗಡ್ಡೆ. ಹಸಿರು ಬೇಕಾದರೆ ಅವರೆ ಎಲೆ, ಹಳದಿ ಬೇಕಾದರೆ ಅಮ್ಮನ ಅರಿಸಿನದ ಡಬ್ಬಿ, ಅದರ ಜೊತೆಗೆ ಅಮ್ಮನ ಏಟು. ಬಣ್ಣದ ಪೆಟ್ಟಿಗೆ ಎನ್ನುವುದನ್ನು ನಾನು ಮೊದಲು ನೋಡಿದ್ದು ಹುಣಸೂರಿನಲ್ಲಿ ಲೋಯರ್ ಪರೀಕ್ಷೆಗೆ ಕೂತಾಗ.

ಅಂಥವನು ಮುಂದೆ ಡ್ರಾಯಿಂಗ್ ಮೇಷ್ಟರಾದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಟ್ಟು ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಈ ಗೋಷ್ಠಿಗೆ ಕರೆದ ಗೆಳೆಯರು, 'ಕಲೆಯ ಬಗ್ಗೆ ಏನಾದರೂ ಮಾತಾಡಿ ಮೇಷ್ಟ್ರೆ, ಆದರೆ ನಮಗೆ ಅರ್ಥ ಆಗುವ ಹಾಗೆ' ಎಂದರು. ಅದಕ್ಕೇ ದೊಡ್ಡ ಮಾತು ಬಿಟ್ಟು, ವಿಚಿತ್ರ ವಸ್ತುಗಳಲ್ಲಿ ಮಾಡಿದ ಕೆಲವು ಕಲಾಕೃತಿಗಳ ಬಗ್ಗೆ ಹೇಳುತ್ತೇನೆ. ಜೊತೆಗೆ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಕೊನೆಗೆ ಧೈರ್ಯ ಸಾಲುವುದಿಲ್ಲ.

1994ನೇ ಇಸವಿ. ಎಚ್.ಡಿ.ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಶಾಲೆ. ತಪಾಸಣೆಗೆ ಮೇಲಿನವರು ಬರುತ್ತಾರೆಂದು ವಸ್ತುಪ್ರದರ್ಶನ ಇಟ್ಟಿದ್ದೆವು. ನಾನು ಮಕ್ಕಳಿಗೆ, 'ಎಲ್ಲರೂ ಡ್ರಾಯಿಂಗ್ ಶೀಟಿನಲ್ಲಿ ಒಂದೊಂದು ಚಿತ್ರ ಬಣ್ಣ ಹಾಕಿ ತರಬೇಕು' ಎಂದಿದ್ದೆ. ಒಂಬತ್ತನೇ ತರಗತಿಯಲ್ಲಿ ಹಾಡಿಯಿಂದ ಬರುವ ಹುಡುಗನೊಬ್ಬನಿದ್ದ. ಮಾತು ಕಡಿಮೆ, ಕಡೇ ಬೆಂಚು. ಅವನು ಶೀಟು ತರಲಿಲ್ಲ. ಲಂಟಾನದ ಕಡ್ಡಿಗಳಲ್ಲಿ ಕಟ್ಟಿದ ಒಂದು ಆನೆ ತಂದ. ಒಂದೂವರೆ ಗೇಣು ಎತ್ತರ. ಸಿಪ್ಪೆ ಹೆರೆದು, ಕಡ್ಡಿ ಬಾಗಿಸಿ, ನಾರಿನಿಂದ ಬಿಗಿದು ಕಟ್ಟಿದ್ದ. ಒಂದು ಕಿವಿ ಮಾತ್ರ ಅರ್ಧ ಇರಲಿಲ್ಲ.

ನಾನು, 'ಏನೋ ಇದು? ಚಿತ್ರ ತಗೊಂಡು ಬಾ ಅಂದ್ರೆ ಸೌದೆ ತಂದಿದ್ದೀಯ. ಕಿವಿ ಬೇರೆ ಮುರಿದುಕೊಂಡು ಬಂದಿದ್ದೀಯ' ಎಂದೆ. ಅವನು ಮೆಲ್ಲಗೆ ಹೇಳಿದ: 'ಮುರಿದಿಲ್ಲ ಸಾ. ಅದು ನಮ್ಮ ಹಾಡಿ ಹತ್ರ ಬರೋ ಆನೆ. ಅದರ ಕಿವಿ ಹಂಗೇ ಹರಿದದೆ.' ತರಗತಿ ನಕ್ಕಿತು. ನಾನೂ ನಕ್ಕೆ. ಪ್ರದರ್ಶನದ ಮೇಜಿನ ಮೇಲೆ ಅದಕ್ಕೆ ಜಾಗ ಕೊಡಲಿಲ್ಲ, ಬಾಗಿಲ ಹಿಂದೆ ಇಡಿಸಿದೆ. ಸಂಜೆ ನೋಡಿದರೆ ಅಲ್ಲಿರಲಿಲ್ಲ. ಬಂದವರಿಗೆ ಟೀ ಕಾಯಿಸುವಾಗ ಯಾರೋ ಅದನ್ನು ಒಲೆಗೆ ಹಾಕಿದ್ದರು. ಒಣ ಕಡ್ಡಿ, ಚೆನ್ನಾಗಿ ಉರಿದಿರಬೇಕು. ಆ ಟೀ ನಾನೂ ಕುಡಿದಿದ್ದೇನೆ.

ಹುಡುಗ ಹತ್ತನೇ ತರಗತಿಗೆ ಬರಲಿಲ್ಲ. ಮನೆಯವರೆಲ್ಲ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದರೆಂದು ತಿಳಿಯಿತು. ನನ್ನಿಂದಲೇ ಬಿಟ್ಟ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಇನ್ನು ಮೂವತ್ತು ವರ್ಷ ಮುಂದಕ್ಕೆ ಬನ್ನಿ. 2024ರ ಫೆಬ್ರವರಿ. ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಮೊಮ್ಮಗನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಗೇಟು ದಾಟಿ ಒಳಗೆ ಹೋದರೆ ಹುಲ್ಲಿನ ಮೇಲೆ ಆನೆಗಳ ಹಿಂಡು. ನಿಜವಾದ ಆನೆಯಷ್ಟೇ ಗಾತ್ರ. ಸಲಗ, ತಾಯಾನೆ, ಮರಿ, ಎಲ್ಲ ಸೇರಿ ಅರವತ್ತರಷ್ಟು. ಹತ್ತಿರ ಹೋಗಿ ಮುಟ್ಟಿದೆ. ಲಂಟಾನ!

ಅಲ್ಲಿದ್ದವರು ವಿವರಿಸಿದರು. ನಮ್ಮ ಬಂಡೀಪುರದ ಕಾಡು ದಾಟಿದರೆ ಸಿಗುವ ನೀಲಗಿರಿಯ ಗೂಡಲೂರು ಸುತ್ತಿನಲ್ಲಿ ಇವನ್ನು ಮಾಡುತ್ತಾರೆ. ಮಾಡುವವರು ಬೆಟ್ಟಕುರುಬರು, ಪಣಿಯರು, ಕಾಟ್ಟುನಾಯಕರು, ಸೋಲಿಗರು. ಕಾಡಿನಿಂದ ಲಂಟಾನ ಕಡಿದು ತಂದು, ನೀರಿನಲ್ಲಿ ಬೇಯಿಸಿ ಮೆತ್ತಗೆ ಮಾಡಿ, ಸಿಪ್ಪೆ ತೆಗೆದು, ಕಬ್ಬಿಣದ ಸರಳಿನ ಹಂದರದ ಮೇಲೆ ಬಾಗಿಸಿ ಬಿಗಿಯುತ್ತಾರೆ. ಇಂಥವೇ ಆನೆಗಳು 2021ರಲ್ಲಿ ಲಂಡನ್ನಿನ ರಾಜೋದ್ಯಾನಗಳಲ್ಲಿ ನಿಂತಿದ್ದವಂತೆ. ಲಾಲ್‌ಬಾಗಿನಿಂದ ಹೊರಟು ಅದೇ ವರ್ಷ ಜುಲೈ ಹೊತ್ತಿಗೆ ಅಮೆರಿಕದ ನ್ಯೂಪೋರ್ಟ್ ಕಡಲ ದಂಡೆಯಲ್ಲೂ ನಿಂತವು.

ಇಷ್ಟನ್ನೆಲ್ಲ ಬೆರಗಿನಿಂದ ಕೇಳುತ್ತಿದ್ದೆ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು: 'ಇವು ಸುಮ್ಮನೆ ಆನೆಗಳಲ್ಲ ಸರ್. ಒಂದೊಂದೂ ಆ ಕಡೆ ತಿರುಗಾಡುವ ಒಂದೊಂದು ನಿಜವಾದ ಆನೆಯ ಪ್ರತಿರೂಪ. ಮಾಡುವವರಿಗೆ ಅದರ ಗುರುತು ಗೊತ್ತಿರುತ್ತದೆ.'

ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಮೊಮ್ಮಗ, 'ಏನಾಯ್ತು ತಾತ, ಕಾಲು ನೋವಾ?' ಅಂದ. ಹೌದಪ್ಪ ಎಂದೆ.

ಲಂಟಾನ ಎಂದರೆ ನಿಮಗೆಲ್ಲ ಗೊತ್ತು. ಬೇಲಿಗೆ ಹಾಕಿದರೆ ಹೊಲಕ್ಕೆ ಬರುತ್ತದೆ, ಕಡಿದರೆ ಎರಡರಷ್ಟು ಚಿಗುರುತ್ತದೆ. ಎರಡು ಶತಮಾನದ ಹಿಂದೆ ಬ್ರಿಟಿಷರು ಹೂವು ಚೆಂದ ಎಂದು ತೋಟಕ್ಕೆ ತಂದ ಅಮೆರಿಕ ಖಂಡದ ಗಿಡ ಇದು. ಇವತ್ತು ನಾಗರಹೊಳೆ, ಬಂಡೀಪುರದೊಳಗೆ ಇದು ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ. ಜಿಂಕೆ, ಕಾಟಿ, ಆನೆಗಳ ಮೇವಿನ ಜಾಗವನ್ನು ಇದು ನುಂಗಿದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಏಟ್ರೀ ಎಂಬ ಸಂಸ್ಥೆಯವರು ಸೋಲಿಗರ ಜೊತೆ ಸೇರಿ ಸುಮಾರು ಇಪ್ಪತ್ತು ವರ್ಷದಿಂದ ಲಂಟಾನದಲ್ಲಿ ಕುರ್ಚಿ, ಮೇಜು, ಬುಟ್ಟಿ ಮಾಡಿಸುತ್ತಿದ್ದಾರೆ. ಆನೆ ಅದರ ಮುಂದಿನ ಹೆಜ್ಜೆ ಎನ್ನಿ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿಮೆಂಟಿನ ಆನೆ ಎಷ್ಟು ಪಾರ್ಕುಗಳ ಬಾಗಿಲಲ್ಲಿಲ್ಲ? ಅದನ್ನು ನೋಡಿ ಯಾರಾದರೂ ನಿಂತಿದ್ದು ಕಂಡಿದ್ದೀರಾ? ಲಂಟಾನದ ಆನೆಯ ಮುಂದೆ ಮಾತ್ರ ಜನ ನಿಲ್ಲುತ್ತಾರೆ. ಯಾಕೆಂದರೆ ಆನೆಯ ಊಟ ಕಿತ್ತುಕೊಂಡ ಗಿಡದಿಂದಲೇ ಆನೆಯನ್ನು ಕಟ್ಟಿದ್ದಾರೆ. ಅಲ್ಲಿ ವಸ್ತುವೇ ಅರ್ಧ ಮಾತು ಹೇಳಿಬಿಟ್ಟಿದೆ. ನನ್ನ ಹಳೆಯ ಪಾಠದಲ್ಲಿ ಶೀಟು, ಬಣ್ಣ, ಬ್ರಷ್ಷು ಕಲೆಯ ಸಾಮಗ್ರಿ, ಉಳಿದದ್ದು ಸೌದೆ. ಆದರೆ ನಮ್ಮದೇ ನಾಡಿನ ಕಲಾವಿದರು ಈ ಪಾಠವನ್ನು ಬಹಳ ಹಿಂದೆಯೇ ತಿದ್ದಿದ್ದರು. ನಾನು ನೋಡಿರಲಿಲ್ಲ, ಅಷ್ಟೆ. ನಿವೃತ್ತನಾದ ಮೇಲೆ ಓದಿ, ನೋಡಿ, ಕೇಳಿ ತಿಳಿದುಕೊಂಡ ನಾಲ್ಕು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಮಕ್ಕಳಿಗೆ ಇಷ್ಟವಾಗುವಂಥದ್ದು. ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರಿದ್ದಾರೆ. ಮೈಸೂರಿನವರು, ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಅಂದರೆ ಕಾವಾದಲ್ಲಿ ಓದಿದವರು. ಇವರ ಸಾಮಗ್ರಿ ಏನು ಗೊತ್ತೆ? ರಸ್ತೆ ಗುಂಡಿ! 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಹನ್ನೆರಡು ಅಡಿ ಉದ್ದದ ಗುಂಡಿಯೊಂದರಲ್ಲಿ ನೀರು ನಿಂತಿತ್ತು. ಇವರು ಸುಮಾರು ಆರು ಸಾವಿರ ರೂಪಾಯಿ ಸ್ವಂತ ದುಡ್ಡಿನಲ್ಲಿ ಇಪ್ಪತ್ತು ಕೆಜಿ ತೂಕದ ಮೊಸಳೆ ಮಾಡಿ ಅದರಲ್ಲಿ ಬಿಟ್ಟರು. ಜನ ಸೇರಿದರು, ಫೋಟೋ ತೆಗೆದರು, ಪತ್ರಿಕೆಯಲ್ಲಿ ಬಂತು. ಗುಂಡಿ ಮುಚ್ಚಿತು.

2019ರಲ್ಲಿ ಇನ್ನೂ ಚೆಂದದ ಕೆಲಸ ಮಾಡಿದರು. ನಮ್ಮ ಚಂದ್ರಯಾನ-2ರ ವಿಕ್ರಮ್ ಸೆಪ್ಟೆಂಬರ್ 7ರಂದು ಚಂದ್ರನ ಮೇಲೆ ಇಳಿಯಬೇಕಿತ್ತು. ದೇಶವೆಲ್ಲ ಕಾಯುತ್ತಿತ್ತು. ಅದಕ್ಕೆ ಕೆಲವು ದಿನ ಮುಂಚೆ ಒಂದು ವಿಡಿಯೋ ಬಂತು. ಬಿಳಿ ಉಡುಪಿನ ಗಗನಯಾತ್ರಿಯೊಬ್ಬ ಕುಳಿ ಕುಳಿ ಬಿದ್ದ ನೆಲದ ಮೇಲೆ ನಿಧಾನವಾಗಿ ಹೆಜ್ಜೆ ಇಡುತ್ತಿದ್ದಾನೆ. ಸಾಕ್ಷಾತ್ ಚಂದ್ರನೇ ಎನ್ನಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋ ಹೋಗುತ್ತದೆ! ಅದು ಬೆಂಗಳೂರಿನ ಹೇರೋಹಳ್ಳಿ ಕಡೆಯ ರಸ್ತೆ. ಉಡುಪಿನೊಳಗಿದ್ದವರು ನಟ ಪೂರ್ಣಚಂದ್ರ ಮೈಸೂರು. ಜಗತ್ತೇ ಅದನ್ನು ನೋಡಿ ನಕ್ಕಿತು, ರಿಪೇರಿಯವರೂ ಬಂದರು. ನೂರು ಅರ್ಜಿ ಮಾಡದ ಕೆಲಸವನ್ನು ಒಂದು ನಗು ಮಾಡಿತು. ಆ ಮೊಸಳೆಯನ್ನೇ ತಂದು ಪಾರ್ಕಿನಲ್ಲಿಟ್ಟಿದ್ದರೆ ಮಕ್ಕಳ ಆಟದ ಸಾಮಾನು, ಅಷ್ಟೆ. ಗುಂಡಿಯಲ್ಲಿ ಇಟ್ಟದ್ದರಿಂದ ಅದು ಮಾತಾಯಿತು.

ಎರಡನೆಯದು. ಕೆ.ಆರ್.ನಗರದಲ್ಲಿ ನಾನಿದ್ದಾಗ ಅಕ್ಕಿ ಗಿರಣಿಗಳ ಮುಂದೆ ಸಾಲಾಗಿ ಲಾರಿ ನಿಲ್ಲುತ್ತಿದ್ದವು. ಲಾರಿಯ ಬಂಪರಿಗೆ ದೃಷ್ಟಿ ತಾಗದಿರಲೆಂದು ಕಪ್ಪು ಕೂದಲಿನ ಹಗ್ಗ ಕಟ್ಟಿರುತ್ತಾರಲ್ಲ, ದಿನಾ ನೋಡುತ್ತಿದ್ದೆ. ಅದು ಎಲ್ಲಿಯ ಕೂದಲು ಎಂದು ಒಂದು ದಿನವೂ ಯೋಚಿಸಲಿಲ್ಲ. ಶೀಲಾ ಗೌಡ ಯೋಚಿಸಿದರು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು. 2009ರಲ್ಲಿ ಇಟಲಿಯ ವೆನಿಸ್ ನಗರದ ದೊಡ್ಡ ಕಲಾಮೇಳದಲ್ಲಿ ಅವರು ನಾಲ್ಕು ಸಾವಿರ ಮೀಟರ್ ಉದ್ದದ ಕೂದಲ ಹಗ್ಗವನ್ನು ಗೋಡೆಯ ಮೇಲೆಲ್ಲ ಇಳಿಬಿಟ್ಟು, ಕಾರಿನ ಬಂಪರುಗಳನ್ನು ಅದರಲ್ಲಿ ತೂಗುಹಾಕಿದರು. ದೇವರಿಗೆ ಮುಡಿ ಕೊಟ್ಟವರ ಕೂದಲು ಅದು. ಉದ್ದ ಕೂದಲು ವಿಗ್ಗಿಗೆಂದು ಮಾರಾಟವಾಗುತ್ತದೆ, ತುಂಡು ಕೂದಲು ಹಗ್ಗವಾಗುತ್ತದೆ. ಯಾರದೋ ಹರಕೆ ಇನ್ಯಾರದೋ ಲಾರಿಗೆ ಕಾವಲು. ಗಟ್ಟಿ ಉಕ್ಕನ್ನು ಮೆತ್ತಗಿನ ಕೂದಲು ಕಾಯುತ್ತದೆ ಎನ್ನುವ ನಂಬಿಕೆಯನ್ನೇ ಅವರು ಎತ್ತಿ ತೋರಿಸಿದರು. ಆ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ.

ಇದಕ್ಕೂ ಮುಂಚೆ, 1990ರ ದಶಕದ ಮೊದಲಲ್ಲೇ, ಅವರು ಸಗಣಿಯಲ್ಲಿ ಕೃತಿ ಮಾಡಲು ತೊಡಗಿದ್ದರು. ಅಂದರೆ ನಾನು ಆ ಹುಡುಗನಿಗೆ ಸೌದೆ ಎಂದು ಬೈದ ಕಾಲಕ್ಕೆ ಸಗಣಿ ಕಲಾ ಗ್ಯಾಲರಿಯೊಳಗೆ ಕಾಲಿಟ್ಟಾಗಿತ್ತು! ನಗಬೇಡಿ. ನಮ್ಮ ಮನೆಗಳಲ್ಲಿ ಸಗಣಿ ಉಂಡೆಗೆ ಗರಿಕೆ ಸಿಕ್ಕಿಸಿ ಬೆನವ ಎಂದು ಕೈ ಮುಗಿಯುತ್ತೇವಲ್ಲ, ಅದೇನು ಕಡಿಮೆ ಧೈರ್ಯದ ಶಿಲ್ಪವೆ? ಎರಡು ಬೆರಳಿನ ಕೆಲಸ, ಆದರೆ ದೇವರು ಬಂದು ಕೂರುತ್ತಾನೆ.

ಮೂರನೆಯದು ನಮ್ಮ ಮೈಸೂರಿನ ಎನ್.ಎಸ್. ಹರ್ಷ ಅವರದು. ಇವರೂ ಕಾವಾದಲ್ಲಿ ಕಲಿತವರು. 2008ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಕೊಡುವ ಆರ್ಟೆಸ್ ಮುಂಡಿ ಬಹುಮಾನ ಪಡೆದವರು, ನಲವತ್ತು ಸಾವಿರ ಪೌಂಡಿನ ಬಹುಮಾನ. ಅವರ ಒಂದು ಕೃತಿಯ ಹೆಸರು 'ನೇಷನ್ಸ್'. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆ. ಒಂದಲ್ಲ ಎರಡಲ್ಲ, ನೂರತೊಂಬತ್ತಕ್ಕೂ ಹೆಚ್ಚು. ಪ್ರತಿ ಯಂತ್ರದ ಮೇಲೂ ಒಂದೊಂದು ದೇಶದ ಬಾವುಟ. ದಾರಗಳೆಲ್ಲ ಆ ಯಂತ್ರದಿಂದ ಈ ಯಂತ್ರಕ್ಕೆ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿವೆ. ನಮ್ಮ ಊರಿನ ಎಷ್ಟು ಹೆಣ್ಣುಮಕ್ಕಳು ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಈ ಶಾಲೆಗೆ ಕಳಿಸಿಲ್ಲ? ದೇಶ ದೇಶಗಳ ಬಾವುಟಗಳನ್ನೂ ಕೊನೆಗೆ ಯಾರೋ ಒಬ್ಬರು ಬಗ್ಗಿ ಕೂತು ಹೊಲಿಯಬೇಕು. ಅದನ್ನು ಹೇಳುವುದಕ್ಕೆ ಹೊಲಿಗೆ ಯಂತ್ರಕ್ಕಿಂತ ಒಳ್ಳೆಯ ಸಾಮಗ್ರಿ ಯಾವುದಿದೆ?

ಇದೇ ಹರ್ಷ ಅವರು 2005ರಲ್ಲಿ ತುಮಕೂರಿನ ಶಾಲೆಯೊಂದಕ್ಕಾಗಿ ಒಂದು ಕೆಲಸ ಮಾಡಿದರು. ಬಂಡೆಗಳ ಮೇಲೆ ಬಟ್ಟೆ ಅಂಟಿಸಿ ಮಕ್ಕಳ ಉದ್ದುದ್ದ ನೆರಳುಗಳನ್ನು ಮೂಡಿಸಿದರು. ಪುಟ್ಟ ಮಕ್ಕಳು, ಆದರೆ ನೆರಳು ಇಪ್ಪತ್ತು ಅಡಿಯಷ್ಟು. ಆ ಕೃತಿಗೆ ಇಟ್ಟ ಹೆಸರು ಆಸೆ ಮತ್ತು ಕನಸುಗಳು ಎಂಬ ಅರ್ಥದ್ದು. ನಮ್ಮ ಶಾಲೆಯ ಹಿಂದೆಯೂ ಬಂಡೆ ಇದೆ. ಅಲ್ಲಿ ನಾವೆಲ್ಲ ಬಿಸಿಲಿಗೆ ಕೂತವರೇ.

ನಾಲ್ಕನೆಯವರು ಕುಂದಾಪುರದ ಹತ್ತಿರದ ತಲ್ಲೂರಿನ ಎಲ್.ಎನ್. ತಲ್ಲೂರ್. ಇವರ ಓದೂ ಕಾವಾದಲ್ಲೇ. ಇವರ ಒಂದು ಕೃತಿಯಲ್ಲಿ ದೊಡ್ಡ ಮರದ ದಿಮ್ಮಿ ಇದೆ, ಪಕ್ಕದಲ್ಲಿ ಸುತ್ತಿಗೆ. ನೋಡಲು ಬಂದವರು ಜೇಬಿನಿಂದ ನಾಣ್ಯ ತೆಗೆದು, ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು ಅದನ್ನು ದಿಮ್ಮಿಗೆ ಹೊಡೆಯಬೇಕು. ದುಡ್ಡಿನ ಭಯ ಎನ್ನುವುದು ಕೃತಿಯ ವಿಷಯ. ಹುಂಡಿಗೆ ಹಾಕುವಾಗ ಸದ್ದಿಲ್ಲದೆ ಹಾಕುತ್ತೇವೆ. ಇಲ್ಲಿ ನಾಲ್ಕು ಜನರ ಮುಂದೆ ಸುತ್ತಿಗೆ ಎತ್ತಿ, ನಮ್ಮ ಆಸೆಯನ್ನು ನಾವೇ ಮೊಳೆಯ ಹಾಗೆ ಹೊಡೆಯಬೇಕು. ಹುಣಸೂರಿನ ಸಾಮಿಲ್ಲುಗಳ ಮುಂದೆ ನೂರಾರು ದಿಮ್ಮಿ ನೋಡಿದ ನಮಗೆ ಒಂದು ದಿಮ್ಮಿ ಇಷ್ಟು ಮಾತಾಡೀತೆಂದು ಹೊಳೆದಿತ್ತೆ?

ಹಾಗೆಂದು ವಿಚಿತ್ರ ವಸ್ತುವಿನಲ್ಲಿ ಮಾಡಿದ್ದೆಲ್ಲ ಕಲೆ ಎಂದು ನಾನು ಹೇಳುತ್ತಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ಮಿಂಚು ಕಾಗದ ಅಂಟಿಸಿ 'ಕಸದಿಂದ ರಸ' ಎಂದು ಚೀಟಿ ಹಚ್ಚಿದ ಸಾಮಾನುಗಳನ್ನು ವರ್ಷಾ ವರ್ಷ ಪ್ರದರ್ಶನಗಳಲ್ಲಿ ನೋಡಿದ್ದೇನೆ, ನಾನೇ ಮಾಡಿಸಿದ್ದೇನೆ. ಬಾಟಲಿ ಬದಲು ತೆಂಗಿನ ಚಿಪ್ಪು ಇಟ್ಟರೂ ಅದು ಅದೇ. ಈಗ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಈ ಕೃತಿಯ ವಸ್ತುವನ್ನು ಬದಲಾಯಿಸಿದರೆ ಅದು ಹೇಳುವ ಮಾತು ಉಳಿಯುತ್ತದೆಯೆ ಎಂದು ಕೇಳಿಕೊಳ್ಳುತ್ತೇನೆ. ಉಳಿದರೆ, ಆ ವಸ್ತು ಬರೀ ಅಲಂಕಾರ. ಉಳಿಯದಿದ್ದರೆ, ಅಲ್ಲೇನೋ ಇದೆ, ಇನ್ನೊಂದು ಸಲ ನೋಡಬೇಕು.

ಈ ಅಳತೆಯಲ್ಲಿ ನಮ್ಮ ಸುತ್ತಲಿನವನ್ನೂ ನೋಡಿ. ಹೊಲದಲ್ಲಿ ನಿಲ್ಲಿಸುವ ಬೆರ್ಚಪ್ಪನಿಗೆ ಹೊಸ ಅಂಗಿ ಹಾಕಿದರೆ ನಡೆಯುತ್ತದೆಯೆ? ಮನೆ ಯಜಮಾನನ ಹಳೆ ಅಂಗಿಯೇ ಆಗಬೇಕು, ಒಡೆದ ಮಡಕೆಯೇ ತಲೆಯಾಗಬೇಕು. ದೂರದಿಂದ ನೋಡಿದರೆ ಅಪ್ಪನೇ ನಿಂತ ಹಾಗಿರುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1961ರ ಹೊತ್ತಿಗೆ ಟಿಬೆಟಿನವರು ಬಂದು ನೆಲೆಸಿದರು. ಅವರ ಗುರುಗಳು ಪೂಜೆಗೆ ಬೆಣ್ಣೆಯಲ್ಲಿ ಹೂವು, ದೇವತೆಗಳನ್ನು ಮಾಡುತ್ತಾರೆ. ಬಣ್ಣದ ಮರಳಿನಲ್ಲಿ ದಿನಗಟ್ಟಲೆ ಕೂತು ಮಂಡಲ ಬರೆಯುತ್ತಾರೆ, ಪೂಜೆ ಮುಗಿದ ಮೇಲೆ ಅದನ್ನು ಗುಡಿಸಿಬಿಡುತ್ತಾರೆ. ಯಾವುದೂ ನಿಲ್ಲುವುದಿಲ್ಲ ಎಂದು ಹೇಳುವುದಕ್ಕೆ ಕಲ್ಲು ಒದಗುವುದಿಲ್ಲ, ಮರಳೇ ಬೇಕು. ಆ ಸುತ್ತಿನ ಶಾಲೆಯಲ್ಲಿ ಐದು ವರ್ಷ ಇದ್ದೆ. ಮಕ್ಕಳನ್ನು ಒಂದು ದಿನವೂ ಅಲ್ಲಿಗೆ ಕರೆದುಕೊಂಡು ಹೋಗಿ ಇದನ್ನು ತೋರಿಸಲಿಲ್ಲ. ಪಠ್ಯದಲ್ಲಿ ಇರಲಿಲ್ಲವಲ್ಲ!

ಈಗ ಆ ಹುಡುಗನ ವಿಷಯಕ್ಕೆ ಹಿಂತಿರುಗುತ್ತೇನೆ. ಲಾಲ್‌ಬಾಗಿನಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಆ ವರ್ಷ ಯುಗಾದಿ ಕಳೆದ ಮೇಲೆ ಹಾಡಿಗೆ ಹೋದೆ. ಕೊಡಗಿನಿಂದ ಮರಳಿ ಬಂದಿದ್ದ. ಕಾಡಿನ ಕೆಲಸಕ್ಕೆ ಕರೆದಾಗ ಹೋಗುತ್ತಾನೆ, ಉಳಿದ ದಿನ ಕೂಲಿ. ಕೂದಲು ನರೆತಿದೆ. ನನ್ನನ್ನು ನೋಡಿ ಎದ್ದು ನಿಂತ. 'ಡ್ರಾಯಿಂಗ್ ಸಾರು' ಎಂದು ಮನೆಯವರಿಗೆ ಹೇಳಿದ. ನಾನು ಆ ದಿನದ ಮಾತು ತೆಗೆದೆ. ತಪ್ಪಾಯಿತಪ್ಪ ಎಂದೆ. ಅವನಿಗೆ ನಾನು ಬೈದದ್ದು ನೆನಪಿತ್ತೋ ಇಲ್ಲವೋ, ಅದರ ಬಗ್ಗೆ ಮಾತಾಡಲಿಲ್ಲ. 'ಆ ಹರಿದ ಕಿವಿ ಆನೆ ಸತ್ತೋಯ್ತು ಸಾ. ಬಹಳ ವರ್ಷ ಬಾಳಿತ್ತು. ಯಾರಿಗೂ ತೊಂದರೆ ಮಾಡಲಿಲ್ಲ' ಎಂದ.

ಲಾಲ್‌ಬಾಗಿನ ಫೋಟೋಗಳನ್ನು ಫೋನಿನಲ್ಲಿ ತೋರಿಸಿದೆ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ. ಕಾಲು ಕಟ್ಟಿರುವುದು ಸರಿ ಇದೆ, ಒಂದರ ಬೆನ್ನು ಮಾತ್ರ ಅಷ್ಟು ಉಬ್ಬಬಾರದಿತ್ತು ಎಂದ. ಆಮೇಲೆ ಕೇಳಿದ: 'ಇದಕ್ಕೆ ಕೂಲಿ ಎಷ್ಟು ಕೊಟ್ಟರಂತೆ ಸಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಲಾಲ್‌ಬಾಗಿನಲ್ಲಿ ಎಲ್ಲವನ್ನೂ ಕೇಳಿದ್ದೆ, ಇದೊಂದನ್ನು ಕೇಳಿರಲಿಲ್ಲ. ಆಮೇಲೆ ವಿಚಾರಿಸಿ ತಿಳಿದದ್ದು ಇಷ್ಟು. ಇದರಲ್ಲಿ ಇನ್ನೂರರಷ್ಟು ಆದಿವಾಸಿ ಕುಶಲಿಗರು ದುಡಿಯುತ್ತಾರೆ, ಅದು ಅವರಿಗೆ ಸಂಪಾದನೆಯ ಕೆಲಸ. ಆನೆಗಳನ್ನು ಮಾರುತ್ತಾರೆ, ಬಂದ ಹಣ ಕಾಡುಪ್ರಾಣಿ ಮತ್ತು ಮನುಷ್ಯ ಜೊತೆಯಾಗಿ ಬಾಳುವ ಕೆಲಸಗಳಿಗೆ ಹೋಗುತ್ತದೆ. ಇದನ್ನು ಅವನಿಗೂ ತಿಳಿಸಿದೆ. 'ಹಂಗಾದ್ರೆ ಸರಿ' ಎಂದ. ಮತ್ತೆ ಕಟ್ಟುತ್ತೀಯಾ ಎಂದರೆ, 'ಬಿಡುವೆಲ್ಲಿ ಸಾ' ಎಂದು ನಕ್ಕ.

ಇಲ್ಲಿ ಕುಳಿತ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. 'ಮೇಷ್ಟ್ರೆ, ಆನೆ ನಮ್ಮ ರಾಗಿ ತುಳಿದು, ಬಾಳೆ ಮುರಿದು, ರಾತ್ರಿಯೆಲ್ಲ ಅಟ್ಟಣೆ ಮೇಲೆ ಕಾಯುವ ಹಾಗೆ ಮಾಡಿದೆ. ನೀವು ಆನೆ ಗೊಂಬೆಯ ಕಥೆ ಹೇಳುತ್ತೀರಲ್ಲ?' ನ್ಯಾಯವಾದ ಪ್ರಶ್ನೆ. ಲಂಟಾನದ ಆನೆಯಿಂದ ನಿಮ್ಮ ಹೊಲ ಉಳಿಯುವುದಿಲ್ಲ. ಅಷ್ಟು ಆನೆ ಕಟ್ಟಿದರೂ ಕಾಡಿನ ಲಂಟಾನ ಕರಗುವುದಿಲ್ಲ. ಇದೇ ಕಾಕನಕೋಟೆಯಲ್ಲಿ 1971ರವರೆಗೆ ಖೆಡ್ಡಾ ಮಾಡಿ ಆನೆ ಹಿಡಿದರು, ಆಮೇಲೆ ಕಬಿನಿಯ ಹಿನ್ನೀರು ಬಂತು. ಆನೆಯ ದಾರಿಯೂ ನಮ್ಮ ದಾರಿಯೂ ಅಂದಿನಿಂದ ಒಂದಕ್ಕೊಂದು ಅಡ್ಡವೇ. ಕಲೆ ಇದಕ್ಕೆ ಪರಿಹಾರ ಅಲ್ಲ. ಆದರೆ ಲಂಡನ್ನಿನಲ್ಲಿ, ಬೆಂಗಳೂರಿನಲ್ಲಿ ಕೂತು ಆನೆ ಎಂದರೆ ಬರೀ ಚೆಂದ ಎಂದುಕೊಂಡವರಿಗೆ, ಈ ಆನೆಯ ಪಕ್ಕದಲ್ಲಿ ಬದುಕುವ ಜನ ಇದ್ದಾರೆ, ಅವರ ಕೈ ಇಂಥದ್ದು ಎಂದು ಅದು ತೋರಿಸಿತು. ಅಷ್ಟು ಕೆಲಸ ಅದರದು. ಉಳಿದದ್ದು ಸರ್ಕಾರದ್ದು, ನಮ್ಮದು.

ಕಡೆಯದಾಗಿ ಒಂದು ಬೇಡಿಕೆ. ಹಳೆಯ ವಿದ್ಯಾರ್ಥಿಗಳ ಸಂಘ ಈ ಮಹೋತ್ಸವಕ್ಕೆ ಹಣ ಕೂಡಿಸಿದೆ, ಮಹಾದ್ವಾರಕ್ಕೆ ಕಮಾನು ಕಟ್ಟಿಸುವ ಮಾತಿದೆ. ಕಟ್ಟಲಿ, ನಾನೂ ಕೈಲಾದಷ್ಟು ಕೊಟ್ಟಿದ್ದೇನೆ. ಆದರೆ ಹಿಂದಿನ ಸಾಲಿನಲ್ಲಿ ಮುರಿದ ಬೆಂಚು ತುಂಬಿದ ಒಂದು ಕೊಠಡಿ ಇದೆ. ನಾವು ಓದಿದ ಕೊಠಡಿ, ಗೋಡೆಯೇ ಬೋರ್ಡಾಗಿದ್ದದ್ದು. ಅದನ್ನು ಖಾಲಿ ಮಾಡಿ ಮಕ್ಕಳಿಗೆ ಕೊಡಿ. ಕಮಾನಿನ ಖರ್ಚಿನಲ್ಲಿ ಹತ್ತನೇ ಒಂದು ಪಾಲು ಸಾಕು. ಎರಡು ಗಟ್ಟಿ ಮೇಜು, ಗೋಡೆಗೆ ಹಲಗೆ, ಕತ್ತರಿ, ಚಾಕು, ದಾರ, ಅಂಟು. ಡ್ರಾಯಿಂಗ್ ಮೇಷ್ಟರು ಇಲ್ಲದ ಶಾಲೆಗಳು ಈಗ ಬಹಳ. ಇಲ್ಲಿಗೆ ಹೊಸಬರು ಬರುವವರೆಗೆ ವಾರಕ್ಕೆ ಎರಡು ದಿನ ನಾನು ಬರುತ್ತೇನೆ, ಬಸ್ ಚಾರ್ಜೂ ಬೇಡ.

ಆ ಕೊಠಡಿಗೆ ಎರಡೇ ಕಟ್ಟಳೆ. ಮೊದಲನೆಯದು, ಅಂಗಡಿಯಿಂದ ಕೊಂಡು ತಂದ ವಸ್ತುವಿನಲ್ಲಿ ಏನೂ ಮಾಡಬಾರದು. ತಂಬಾಕಿನ ಕಡ್ಡಿ ಇದೆ, ಭತ್ತದ ಹುಲ್ಲು ಇದೆ, ಜೋಳದ ಸಿಪ್ಪೆ ಇದೆ, ಹರಿದ ಗೊಬ್ಬರದ ಚೀಲ ಇದೆ, ಹಾಳಾದ ಡ್ರಿಪ್ ಪೈಪು ಇದೆ, ಲಂಟಾನ ಅಂತೂ ಬೇಕಾದಷ್ಟಿದೆ. ಎರಡನೆಯದು, ಮಾಡಿದ್ದರ ಪಕ್ಕದಲ್ಲಿ ಒಂದು ಚೀಟಿ ಇರಬೇಕು. ಅದರಲ್ಲಿ ಮೂರು ಸಾಲು: ಯಾರು ಮಾಡಿದ್ದು, ಯಾವುದರಿಂದ ಮಾಡಿದ್ದು, ಅದರಿಂದಲೇ ಯಾಕೆ ಮಾಡಿದ್ದು. ಮೂರನೇ ಸಾಲನ್ನು ಮೇಷ್ಟರು ತಿದ್ದಬಾರದು.

ಅವತ್ತು ಆ ಹುಡುಗ ಮೂರನೇ ಸಾಲನ್ನು ಬಾಯಲ್ಲೇ ಹೇಳಿದ್ದ. ಅದರ ಕಿವಿ ಹಂಗೇ ಹರಿದದೆ ಎಂದಿದ್ದ. ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ.

ಆ ಕೊಠಡಿಯಲ್ಲಿ ಮೊದಲ ದಿನದ ಪಾಠಕ್ಕೆ ಅವನನ್ನೇ ಕರೆಯಬೇಕೆಂದಿದ್ದೇನೆ. ಅವತ್ತಿನ ಕೂಲಿ ಲೆಕ್ಕ ಹಾಕಿ ಕೊಟ್ಟೇ ಕರೆಯುತ್ತೇನೆ. ಬರುತ್ತಾನೋ ಇಲ್ಲವೋ ಅವನಿಗೆ ಬಿಟ್ಟದ್ದು. ಕೊಠಡಿ ಕೊಡುವುದು ಮಾತ್ರ ನಿಮಗೆ ಬಿಟ್ಟದ್ದು.